ಎದುರು ಸಾಲಿನ ಹಾಡು

ನನಗೆ ಅರಳುಮರಳು ಎಂದು ತೀರ್ಪು ಕೊಟ್ಟವನು ಬೇರೆ ಯಾರೂ ಅಲ್ಲ, ನಾನೇ ಹೆತ್ತ ಮಗ ನಾಗೇಶ. ಅದಕ್ಕೆ ಕಾರಣ ಹೋದ ಮಳೆಗಾಲದ ಭತ್ತದ ನೆಟ್ಟಿ.

ಭಾವಿಕೇರಿಯ ಗದ್ದೆಯಲ್ಲಿ ನಾವು ಹೆಂಗಸರು ಎರಡು ಸಾಲಾಗಿ ನಿಂತು ಸಸಿ ನೆಡುತ್ತೇವೆ. ಒಂದು ಸಾಲು ಹಾಡಿ ನಿಲ್ಲಿಸಿದ ಮೇಲೆ ಎದುರು ಸಾಲು ಎತ್ತಿಕೊಳ್ಳಬೇಕು. ನಮ್ಮ ಸಾಲಿಗೆ ಹಾಡು ಎತ್ತಿಕೊಡುವವಳು ನಾನು. ಎದುರು ಸಾಲಿಗೆ ಹೊನ್ನು. ಹೋದ ವರ್ಷ ಅವಳ ಸಾಲು ಮುಗಿಸುವ ಮೊದಲೇ ಬಾಯಿ ಹಾಕಿದೆ, ಅದೂ ದಿನವಿಡೀ. ಹಾಡು ಕಲಸಿಹೋಯಿತು. "ರುಕ್ಮಿಣಕ್ಕಂಗೆ ಹಾಡೇ ಮರ್ತೋಗದೆ" ಎಂದು ಊರೆಲ್ಲ ಸುದ್ದಿ. ಅದೊಂದನ್ನು ಮಾತ್ರ ಎಲ್ಲರೂ ಕಿವಿಯ ಹತ್ತಿರ ಬಂದು ಕೂಗಿ ಹೇಳಿದರು.

ಆಮೇಲೆ ಮನೆಯಲ್ಲಿ ನನ್ನೊಡನೆ ಮಾತೇ ನಿಂತಿತು. ಸೊಸೆ ಸುನೀತಾ ಊಟಕ್ಕೂ ಕೈಸನ್ನೆಯಲ್ಲೇ ಕರೆಯುತ್ತಿದ್ದಳು. ಸುಮ್ಮನೆ ಕೂತು ಕೂತು ನನಗೂ ಮಂಕು ಹಿಡಿಯಿತು. ಒಂದು ದಿನ ಪಕ್ಕದ ಮನೆಯವಳ ಹೆಸರೇ ನೆನಪಾಗಲಿಲ್ಲ. ಹೆದರಿಬಿಟ್ಟೆ.

ಕಿವಿಯೂ ಮಂದವಾಗಿತ್ತಲ್ಲ, ಮೊದಲು ಅದನ್ನೇ ತೋರಿಸೋಣ ಎಂದು ಮರುದಿನ ಯಾರಿಗೂ ಹೇಳದೆ ಕಾರವಾರದ ಬಸ್ಸು ಹತ್ತಿದೆ. ಕಿವಿಯ ಡಾಕ್ಟರಮ್ಮ ನೆಟ್ಟಿಯ ಕತೆಯನ್ನೆಲ್ಲ ಕೇಳಿ, ಪರೀಕ್ಷೆ ಮಾಡಿ ಗಟ್ಟಿಯಾಗಿ ಹೇಳಿದರು: "ಅಜ್ಜಿ, ನೀವು ಹಾಡು ಮರೆತಿಲ್ಲ. ಅವರು ಎಲ್ಲಿ ನಿಲ್ಲಿಸಿದ್ರು ಅಂತ ಕೇಳಿಸಿಲ್ಲ, ಅಷ್ಟೇ. ಆದ್ರೆ ಹೀಗೇ ಬಿಟ್ಟು, ಮಾತುಕತೆನೂ ತಪ್ಪಿದ್ರೆ, ಮರೆವಿನ ಕಾಯಿಲೆ ಬರೋ ಸಾಧ್ಯತೆ ಹೆಚ್ಚು."

"ಹಂಗಾರೆ ಬಿಡೂದಿಲ್ಲ" ಎಂದೆ.

ಕಿವಿಗೆ ಮಷೀನು ಬಂತು. ನಾಗೇಶನಿಗೆ ನಾಚಿಕೆ. "ಅವ್ವೀ, ಕೂದ್ಲಲ್ಲಿ ಮುಚ್ಕೋ. ಕಂಡವ್ರು ನಗ್ತ್ರು."

"ಕನ್ನಡ್ಕ ಬಂದಾಗ ನೀ ಮುಖ ಮುಚ್ಕಂಡಿದ್ಯೇನೋ?"

ಈ ಸಲದ ನೆಟ್ಟಿಯ ದಿನ ಮಳೆ ಬಿಡುವು ಕೊಟ್ಟಿತ್ತು. "ನೀ ಮೇಲೇ ಕುಂತ್ಕೋ" ಎಂದು ಮಗ ಬದುವಿನ ಮೇಲೆ ಅಡ್ಡ ನಿಂತ. ನಾನು ಕೂದಲನ್ನು ಎತ್ತಿ ಗಂಟು ಕಟ್ಟಿ, ಮಷೀನಿನ ಕಿವಿಯ ಮೇಲೆಯೇ ಅಬ್ಬಲಿಗೆ ಮುಡಿದಿದ್ದೆ. ಅವನನ್ನು ದಾಟಿ ಕೆಸರಿಗಿಳಿದೆ.

ಹೊನ್ನುವಿನ ಸಾಲು ಹಾಡಿತು. ಹೊನ್ನು ಒಬ್ಬಳನ್ನು ಬಿಟ್ಟು ಉಳಿದವರೆಲ್ಲ ಹಾಡು ನಿಲ್ಲಿಸಿ ನನ್ನ ಬಾಯಿ ನೋಡಿದರು. ನಾನು ಬಾಯಿ ತೆರೆಯಲಿಲ್ಲ. ಹೊನ್ನು ಎಳೆದ ಕೊನೆಯ ದನಿ ಇನ್ನೂ ಮುಗಿದಿರಲಿಲ್ಲ.

ನನ್ನ ಹಿಂದೆ, ಬದುವಿನ ಮೇಲೆ ನಿಂತ ನಾಗೇಶ ಹೆಂಡತಿಗೆ ಪಿಸುಗುಟ್ಟಿದ: "ಕಂಡ್ಯಾ, ಮರ್ತೋಯ್ತು."

ಹೊನ್ನುವಿನ ದನಿ ನಿಂತಿತು.

"ಕೇಳ್ತದೆ ಮಗಾ" ಎಂದು ತಿರುಗಿ ನೋಡದೆಯೇ ಹೇಳಿ, ಹಾಡು ಎತ್ತಿಕೊಂಡೆ. ನಮ್ಮ ಸಾಲು ಪೂರ್ತಿ ನನ್ನ ಹಿಂದೆ ಬಂತು. ನಾಗೇಶ ಕೆಸರಿಗಿಳಿದು, ಒಂದು ಸೂಡಿ ಸಸಿಯನ್ನು ತಂದು ನನ್ನ ಕೈಗೆ ಕೊಟ್ಟ.