ಅರ್ಧಕ್ಕೆ ಹಿಡಿಯುವ ಕ್ಲಚ್

"ಅರ್ಧಕ್ಕ ಬಂದು ಹಿಡ್ಕೊಂತೈತಿ. ಆಮ್ಯಾಲೆ ಟಕ್ ಅಂತ ಬಿಡ್ತೈತಿ. ಮುಂಜಾನಿ ಅಂತೂ ಭಾಳ ಬಿಗಿ" ಎಂದ ಮರೆಪ್ಪ.

ಮೆಕ್ಯಾನಿಕ್ ಯಲ್ಲಯ್ಯ ಆಟೊದ ಮುಂದೆ ಕುಕ್ಕರಗಾಲಲ್ಲಿ ಕೂತು ಕ್ಲಚ್ ಕೇಬಲ್ಲಿನ ಮೇಲ್ತುದಿಯನ್ನು ಲಿವರಿನಿಂದ ಬಿಡಿಸಿದ. ಹಾಲಿನ ಖಾಲಿ ಕವರಿನ ಮೂಲೆ ಕತ್ತರಿಸಿ, ಅದನ್ನು ರಬ್ಬರ್ ಬ್ಯಾಂಡಿನಿಂದ ಆ ತುದಿಗೆ ಬಿಗಿದು, ಒಳಗೆ ಎಣ್ಣೆ ಸುರಿದ. ತಂತಿಯನ್ನು ಮೇಲೆ ಕೆಳಗೆ ಆಡಿಸುತ್ತ ಕಾದ. ಕೊನೆಗೆ ಕೆಳತುದಿಯಲ್ಲಿ ಎಣ್ಣೆ ತೊಟ್ಟಿಕ್ಕಿತು. ಕಪ್ಪಾಗಿರಲಿಲ್ಲ, ಸುರಿದ ಬಣ್ಣದಲ್ಲೇ ಇತ್ತು.

"ಒಳಗೆ ಕೊಳೆನೇ ಇಲ್ಲ ಕಣಣ್ಣ. ಹೋದ ತಿಂಗಳು ತಾನೇ ಹೊಸದು ಹಾಕಿದ್ದು. ಅದಕ್ಕೆ ಮುಂಚೆನೂ ಒಂದು ಹಾಕ್ದೆ. ಮದುವೆ ಗಂಡಿಗೂ ಇಷ್ಟು ಎಣ್ಣೆ ಹಚ್ಚಲ್ಲ."

ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ವಿಜಯಕುಮಾರ್ ನಗಲಿಲ್ಲ. ಆಟೊ ಅವನದು. ಓಡಿಸುವುದಷ್ಟೇ ಮರೆಪ್ಪನ ಕೆಲಸ. ಲಿಂಗಸುಗೂರಿನ ಕಡೆಯಿಂದ ಬಂದು ಬಿಟಿಎಂನಲ್ಲಿ ಒಂದು ಕೋಣೆ ಹಿಡಿದಾಗಿನಿಂದ ಅವನಿಗೆ ಗೊತ್ತಿದ್ದದ್ದು ಅದೊಂದೇ ಕೆಲಸ.

"ನೋಡು ಮರೆಪ್ಪ, ಇವತ್ತೂ ಕ್ಲಚ್ ಹಿಡ್ಕೊಂತು ಅಂದ್ರೆ ಪ್ರಾಬ್ಲಮ್ ಗಾಡೀದಲ್ಲ, ನಿಂದು. ಮುತ್ತುರಾಜ ದಿನಾ ಫೋನ್ ಮಾಡ್ತಾವ್ನೆ, ಗಾಡಿ ನಂಗೆ ಕೊಡಿ ಅಂತ."

"ಹಂಗ್ಯಾಕಂತೀರಿ ಸಾರ್? ಇಷ್ಟು ವರ್ಷದಾಗ ಒಂದು ಗೀಟು ಬೀಳಿಸೀನೇನ್ರಿ?"

"ಅದಕ್ಕೇ ನಾನೇ ಬಂದು ನಿಂತಿರೋದು. ಬೇರೆಯವನಾಗಿದ್ರೆ ಫೋನಲ್ಲೇ ಮುಗಿಸ್ತಿದ್ದೆ."

ಯಲ್ಲಯ್ಯ ಕೇಬಲ್ ಮತ್ತೆ ಜೋಡಿಸಿದ. ವಿಜಯಕುಮಾರ್ ಮುಂದೆ ಬಗ್ಗಿ ಎರಡೇ ಬೆರಳಲ್ಲಿ ಲಿವರ್ ಒತ್ತಿದ. ಅದು ಸದ್ದಿಲ್ಲದೆ ಹೋಯಿತು, ಸದ್ದಿಲ್ಲದೆ ಬಂತು. ಇನ್ನೊಮ್ಮೆ ಒತ್ತಿದ.

"ಎಲ್ಲಪ್ಪಾ ನಿನ್ನ ಟಕ್ಕು?"

"ಗಾಡಿ ಓಡುವಾಗ ಬರ್ತೈತ್ರಿ."

ಎದುರಿನ ಅಂಗಡಿಯಿಂದ ಚಹಾ ಬಂತು. ಮರೆಪ್ಪ ಎಡಗೈಯಲ್ಲಿ ಲೋಟ ಹಿಡಿದು ಕುಡಿದ. ಕೆಳಗಿಡಲು ಹೋದಾಗ ಎರಡು ಬೆರಳು ಲೋಟ ಬಿಡಲಿಲ್ಲ. ಬಲವಂತವಾಗಿ ಬಿಚ್ಚಿದ. ಅರ್ಧಕ್ಕೆ ಬಂದು ನಿಂತವು, ಆಮೇಲೆ ಟಕ್ ಎಂದು ಬಿಟ್ಟುಕೊಂಡವು. ಸದ್ದು ಹೊರಗೆ ಕೇಳಲಿಲ್ಲ. ಅಂಗೈಯೊಳಗಿನ ನರದಲ್ಲಿ ಗೊತ್ತಾಯಿತು.

ಅದೇ ಟಕ್.

ಗಾಜಿನ ಲೋಟಕ್ಕೆ ಕೇಬಲ್ ಇರಲಿಲ್ಲ. ಮರೆಪ್ಪ ಅದನ್ನೇ ನೋಡುತ್ತ ಕೂತ. ಮೊನ್ನೆ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಹೆಂಡತಿ ರೇಣವ್ವ ನಕ್ಕಿದ್ದಳು: "ಬಿಡ್ರಿ ಆ ಚೊಂಬು. ಯಾರೂ ಕಸಗೊಳ್ಳಂಗಿಲ್ಲ." ಅವನೂ ನಕ್ಕಿದ್ದ.

"ಕುಡಿದಾಯ್ತಾ? ನಡಿ, ಜೇಪಿ ನಗರಕ್ಕೆ, ಮನೆ ತನಕ ಬಿಡು ನನ್ನ. ನಾನೂ ನೋಡ್ಬಿಡ್ತೀನಿ" ಎಂದು ವಿಜಯಕುಮಾರ್ ಹಿಂದಿನ ಸೀಟಿನಲ್ಲಿ ಕೂತ.

ಮರೆಪ್ಪನ ಬಾಯಿಗೆ ಮಾತು ಬಂತು. ನುಂಗಿದ. ತೊಂದರೆ ಕೈಯದು ಎಂದರೆ ಗಾಡಿಗೆ ಮುತ್ತುರಾಜ ಬರುತ್ತಾನೆ. ಕೇಬಲ್ ಎಂದರೂ ಮುತ್ತುರಾಜನೇ. ಕೈ ಸರಿಯಾಗಿದೆ ಎಂದು ಮನೆಯವರೆಗೆ ತೋರಿಸುವುದೊಂದೇ ಉಳಿದಿತ್ತು. ಅವನು ಗಾಡಿ ಹತ್ತಿದ.

ಗಾಡಿ ಓಡುತ್ತಿದ್ದಾಗ ಏನೂ ಆಗಲಿಲ್ಲ. ಗೇರು ಬದಲಿಸುವಾಗ ಬೆರಳು ಮಡಚಿ ಬಿಚ್ಚುತ್ತಲೇ ಇತ್ತು. ಜಯದೇವ ಆಸ್ಪತ್ರೆಯ ಬಳಿ ಮೆಟ್ರೊ ಕಂಬಗಳ ಕೆಳಗೆ ವಾಹನಗಳು ದಟ್ಟವಾದವು. ಒಂದು ಮಾರು ಮುಂದಕ್ಕೆ, ಮತ್ತೆ ನಿಲ್ಲು. ಕ್ಲಚ್ ಒತ್ತು, ಬಿಡು, ಒತ್ತು. ಎಡಕ್ಕೆ ನೀರಿನ ಟ್ಯಾಂಕರ್, ಬಲಕ್ಕೆ ಬಸ್ಸು. ಪ್ರತಿ ಸಲ ಬಿಚ್ಚುವಾಗಲೂ ಬೆರಳು ಇನ್ನಷ್ಟು ತಡ ಮಾಡಿತು. ಅವನು ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ಹಾಕಿ ಕೈ ತೆಗೆಯಲು ನೋಡಿದ.

"ಯಾಕೆ, ನೋಯ್ತಾ ಇದ್ಯಾ?"

"ಇಲ್ರಿ. ಬೆವರು ಒರೆಸ್ಕೊಂಡೆ."

ಕೂಡಲೇ ಕ್ಲಚ್ ಒತ್ತಿ ಫಸ್ಟ್ ಗೇರಿಗೆ ತಿರುಗಿಸಿ, ಒತ್ತಿಹಿಡಿದೇ ಕಾದ.

"ನೋಡಿದ್ಯಾ? ಸಖತ್ ಫ್ರೀ ಇದೆ" ಎಂದ ವಿಜಯಕುಮಾರ್. ಅವನ ದನಿಯಲ್ಲಿ ನಿಜವಾಗಿಯೂ ನೆಮ್ಮದಿಯಿತ್ತು. "ಸುಮ್ನೆ ತಲೆ ಕೆಡಿಸ್ಕೊಂಡಿದ್ದೆ ನೀನು."

"ಹೌದ್ರಿ ಸಾರ್."

ಸಿಗ್ನಲ್ ಹಸಿರಾಯಿತು. ಮುಂದಿನ ಕಾರು ಹೊರಟಿತು. ಮರೆಪ್ಪ ಬಲಗೈಯಿಂದ ಆಕ್ಸಿಲರೇಟರ್ ತಿರುಗಿಸಿದ. ಎಂಜಿನ್ ಅರಚಿತು. ಆಟೊ ಅಲುಗಲಿಲ್ಲ. ಹಿಂದಿನ ಹಾರನ್ನುಗಳು ಒಂದಕ್ಕೊಂದು ಸೇರಿಕೊಂಡವು. ಟ್ಯಾಂಕರ್ ಹೋಯಿತು, ಬಸ್ಸು ಹೋಯಿತು, ಎರಡೂ ಬದಿಯಿಂದ ಬೈಕುಗಳು ನುಗ್ಗಿದವು. ಒಬ್ಬ ತಿರುಗಿ ಬೈದು ಹೋದ.

"ಬಿಡೋ ಕ್ಲಚ್ಚು" ಎಂದ ವಿಜಯಕುಮಾರ್.

ಮರೆಪ್ಪ ಆಕ್ಸಿಲರೇಟರ್ ಬಿಟ್ಟು ಬಲಗೈಯನ್ನು ಎಡಗೈ ಹತ್ತಿರ ತಂದ. ಕನ್ನಡಿಯಲ್ಲಿ ವಿಜಯಕುಮಾರನ ಕಣ್ಣು ಆ ಕೈಯ ಜೊತೆಗೇ ಬಂತು. ಮರೆಪ್ಪ ನಡುಬೆರಳನ್ನು ಹಿಡಿದು ಮೇಲಕ್ಕೆತ್ತಿದ. ಆಮೇಲೆ ಉಂಗುರದ ಬೆರಳನ್ನು. ಗಾಡಿ ಮುಂದಕ್ಕೆ ಮುಗ್ಗರಿಸಿ ಆಫ್ ಆಯಿತು.

"ಕೇಬಲ್ರಿ ಸಾರ್" ಎಂದ ಮರೆಪ್ಪ.

ಸಿಗ್ನಲ್ ಮತ್ತೆ ಕೆಂಪಾಯಿತು. ಎಣ್ಣೆಯಿಂದ ಹೊಳೆಯುತ್ತಿದ್ದ ಲಿವರ್ ಸದ್ದಿಲ್ಲದೆ ತನ್ನ ಜಾಗಕ್ಕೆ ಹೋಗಿ ನಿಂತಿತ್ತು. ಅವನ ಎಡಗೈ ತೊಡೆಯ ಮೇಲೆ, ಅದನ್ನು ಹಿಡಿದಿದ್ದ ಆಕಾರದಲ್ಲೇ ಬಿದ್ದಿತ್ತು.