ಕೂಡಿಹಾಕಿದ ಕಣ್ಣು

ಆಲಿವ್ ಕಾಯಿ ಗಾಣಕ್ಕೆ ಹೋದ ವಾರ ಪಕ್ಕದ ಮನೆಯ ಷಲ್ಬಿಯಾ ರಾವ್ದಾಳ ಕೂಸು ನೋಡಲು ಬಂದಳು. ಲಂಗೋಟಿ ಬದಲಿಸುವ ಹೊತ್ತಿಗೇ ಬಂದಳು.

"ಅಯ್ಯೋ, ನೋಡ್ರೇ ಇವನ ಅಂಡು! ಈಗ್ತಾನೆ ಒಲೆಯಿಂದ ತೆಗೆದ ರೊಟ್ಟಿ ಉಬ್ಬಿದಂಗೈತೆ!"

‘ತಬಾರಕಲ್ಲಾ’ ಅನ್ನಲಿಲ್ಲ. ದೇವರ ಹೆಸರಿಲ್ಲದ ಹೊಗಳಿಕೆ ಕೆರುವಾನ್ ಕಡೆಯ ನಮ್ಮೂರುಗಳಲ್ಲಿ ಬೈಗುಳಕ್ಕಿಂತ ಕೆಟ್ಟದ್ದು.

ಮಾರನೆಯ ದಿನ ಕೂಸಿನ ಅಂಡು, ತೊಡೆಸಂದು ಎಲ್ಲ ಕೆಂಪಗೆ ಎದ್ದಿತು.

"ಅವಳದೇ ಕಣ್ಣು!" ಎಂದಳು ಅಜ್ಜಿ ಮಬ್ರೂಕಾ. ಧೂಪ ಹಾಕಿದಳು. ಇನ್ಯಾರೂ ನೋಡದಂತೆ ಲಂಗೋಟಿಯ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿ, ಮೇಲೊಂದು ಉಣ್ಣೆಯ ಪಟ್ಟಿ ಬಿಗಿದಳು. "ಸಂಜೆಗಂಟ ಯಾರೂ ಬಿಚ್ಚಕೂಡ್ದು."

ಒಳಗೆ ಒದ್ದೆ, ಹೊರಗೆ ಬಿಗಿ. ಕೂಸು ಹಾಲು ಬಿಟ್ಟು ಅಳತೊಡಗಿತು. ತಾಯಿ ರಾವ್ದಾ ಆಸ್ಪತ್ರೆಗೆ ಓಡಿದಳು. ಅಲ್ಲಿನ ನರ್ಸನ್ನು ಕೇಳಿ ಬಂದು ಅತ್ತೆ ಮಬ್ರೂಕಾಳಿಗೆ ಹೇಳಿದಳು: "ಒದ್ದೆಯಾದ ಕೂಡ್ಲೇ ಬಿಚ್ಬೇಕಂತೆ. ಬರೀ ನೀರಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಗಾಳಿಗೆ ಬಿಡ್ಬೇಕಂತೆ. ಆಮೇಲೆ ಈ ಬಿಳಿ ಮುಲಾಮು."

"ನರ್ಸಿಗೇನ್ ಗೊತ್ತು? ಷಲ್ಬಿಯಾನ ಕಣ್ಣು ನೋಡವ್ಳಾ ಅವ್ಳು?"

ರಾವ್ದಾ ರೊಟ್ಟಿಯ ಹಿಟ್ಟು ನಾದಿದಳು. ಹಿಟ್ಟು ಹದಕ್ಕೆ ಬಂದ ಮೇಲೆ ತಲೆಯೆತ್ತಿದಳು.

"ಅತ್ತೇ, ಕಣ್ಣು ಬಿದ್ದಾಗ ಲಂಗೋಟಿ ಬಿಚ್ಚಿತ್ತಲ್ವಾ?"

"ಬಿಚ್ಚಿತ್ತು."

"ಆಮೇಲೆ ನಾವು ಕಟ್ಬಿಟ್ವಿ. ಹಂಗಾದ್ರೆ ಅದು ಒಳಗೇ ಐತಲ್ಲ? ಹೊರಕ್ಕೆ ಹೋಗೋಕೆ ದಾರಿನೇ ಇಲ್ವಲ್ಲ?"

ಜರಡಿ ಹಿಡಿದ ಮಬ್ರೂಕಾಳ ಕೈ ನಿಂತಿತು. "ಅಯ್ಯಯ್ಯೋ! ಅದ್ಕೇ ಒಳಗಿಂದ ಕಚ್ತಾ ಐತೆ!"

ಪಟ್ಟಿಯನ್ನು ಅವಳೇ ಕಿತ್ತೆಸೆದಳು.

ಅಂದಿನಿಂದ ಕೂಸು ಅಂಗಳದ ನೆರಳಿನಲ್ಲಿ ಹಳೆ ಬಟ್ಟೆಯ ಮೇಲೆ ಬರಿಮೈಯಲ್ಲಿ ಕಾಲಾಡಿಸಿತು. ಕಾವಲಿಗೆ ಅಜ್ಜಿ. ಲಂಗೋಟಿ ಕಟ್ಟಿದಾಗಲೂ ಸಡಿಲ, ತುಸು ಒದ್ದೆಯಾದರೆ ಸಾಕು, ಕೂಗುತ್ತಿದ್ದಳು: "ಏ ಹುಡುಗೀ, ಬಿಚ್ಚು! ಉಜ್ಜಬ್ಯಾಡ, ಕಣ್ಣು ಒಳಕ್ಕಿಳಿದೀತು! ಮುಲಾಮು ದಪ್ಪಗೆ ಹಚ್ಚು, ಗೋಡೆಗೆ ಸುಣ್ಣ ಬಳ್ದಂಗೆ!"

ರಾವ್ದಾ ನಗು ನುಂಗಿ ಹಚ್ಚುತ್ತಿದ್ದಳು. ಕೆಂಪು ಮೆಲ್ಲಗೆ ಇಳಿಯಿತು. ಕೂಸು ಹೊಟ್ಟೆ ತುಂಬ ಹಾಲು ಕುಡಿದು ಮಲಗತೊಡಗಿತು.

ಷಲ್ಬಿಯಾ ಮತ್ತೆ ಬಂದಳು. ಬರಿಮೈಯ ಕೂಸಿನ ಮೇಲೆ ಬಗ್ಗಿ, "ಈಗ ಹೆಂಗೈತೆ ನಮ್ಮ ರೊಟ್ಟಿ?" ಎನ್ನುವಷ್ಟರಲ್ಲಿ ಕೂಸು ಕಮಾನು ಕಟ್ಟಿ ಅವಳ ಮುಖಕ್ಕೇ ಉಚ್ಚೆ ಹೊಯ್ದಿತು.

"ಹೋಯ್ತು ನೋಡು!" ಮಬ್ರೂಕಾ ತೊಡೆ ತಟ್ಟಿಕೊಂಡಳು. "ಯಾರ ಕಣ್ಣೋ ಅವರ ಕಣ್ಣಿಗೇ ಹೋಯ್ತು!"

"ತಬಾರಕಲ್ಲಾ, ತಬಾರಕಲ್ಲಾ!" ಎಂದಳು ಷಲ್ಬಿಯಾ, ಸೆರಗಿಂದ ಮುಖ ಒರೆಸಿಕೊಳ್ಳುತ್ತ.

"ಉಜ್ಜಬ್ಯಾಡ ಷಲ್ಬಿಯಕ್ಕಾ," ಎಂದಳು ರಾವ್ದಾ. "ಒತ್ತಿ ಒರೆಸ್ಕೋ."