ಚೊಗರು

ವೈನ್ ಗ್ಲಾಸಿನ ತೆಳ್ಳನೆಯ ಕಾಲಿನ ಮೇಲೆ ನನ್ನ ಜೊತೆ ಬಡಿಸುವ ಸಮತಾಳ ಕಪ್ಪು ಹೆಬ್ಬೆರಳು, ಉಗುರಿನ ಸುತ್ತ ಅಡಿಕೆ ಸುಲಿದ ಕರೆ, ಎಷ್ಟು ಉಜ್ಜಿದರೂ ಹೋಗದ್ದು, ಅದನ್ನು ಕಂಡರೆ ಗಿರಾಕಿಗಳು ಮುಖ ಸಿಂಡರಿಸುತ್ತಾರೆ ಅಂದುಕೊಂಡಿದ್ದೆ, ಸಿಂಡರಿಸಲಿಲ್ಲ, ರವೀಂದ್ರನಗರದ ಡಾಕ್ಟರು ಮತ್ತವರ ಹೆಂಡತಿ, ಇಬ್ಬರೂ ಅವಳ ಮಾತನ್ನೇ ಕೇಳುತ್ತಿದ್ದಾರೆ, ನಾನು ಕೌಂಟರಿನ ಹಿಂದೆ ಒರೆಸಿದ ಗ್ಲಾಸನ್ನೇ ಒರೆಸುತ್ತಿದ್ದೇನೆ — ಭದ್ರಾವತಿಯಿಂದ ಈ ಹೋಟೆಲಿಗೆ ದಿನಾ ಇಬ್ಬರಿಗೂ ಒಂದೇ ಬಸ್ಸು, ನಾನು ನ್ಯೂ ಟೌನಿನಲ್ಲಿ ಹತ್ತುತ್ತೇನೆ, ಅವಳು ಕಾಗದನಗರದಿಂದ ಆಗಲೇ ಸೀಟು ಹಿಡಿದು ಕೂತಿರುತ್ತಾಳೆ, ರಜೆಯ ದಿನ ಅವ್ವನ ಜೊತೆ ಅಡಿಕೆ ಸುಲಿಯಲು ಹೋಗುವವಳು, ವೈನಿನ ಪುಸ್ತಕದ ಒಂದು ಹಾಳೆ ಓದದವಳು, ನಾನು ಹಾಸ್ಟೆಲ್ ಲೈಬ್ರರಿಯಲ್ಲಿ ಅದನ್ನು ಮೂರು ಸಲ ಓದಿದವನು, ಇಬ್ಬರಲ್ಲಿ ಒಬ್ಬರು ಇನ್ನು ಬಡಿಸುವವರಿಗೆಲ್ಲ ಮೇಲಿನ ಕ್ಯಾಪ್ಟನ್ ಅಂತ ಮಾಲೀಕರು ವಿಶ್ವಾರಾಧ್ಯ ಹೇಳಿದಾಗ ನಾನೇ ಅಂದುಕೊಂಡೆ. ಇವತ್ತು ಬೆಳಿಗ್ಗೆ ಹೊಸ ಫ್ರೆಂಚ್ ಕೆಂಪು ವೈನಿನ ಬಾಟಲಿ ತೆಗೆಸಿದರು, ನಾನು ಬಾಯಿಗಿಡೋನಲ್ಲ, ನೀವಿಬ್ರು ಕುಡಿದು ಹೇಳಿ ಅಂದರು, ನಾನು ಗ್ಲಾಸು ತಿರುಗಿಸಿದೆ, ಮೂಸಿದೆ, ಟ್ಯಾನಿನ್ ಅಂದೆ, ಒಗರಿಗೆ ಪುಸ್ತಕದ ಹೆಸರು, ಬ್ಲ್ಯಾಕ್ ಕರಂಟ್ ಅಂದೆ, ಆ ಹಣ್ಣನ್ನು ನಾನು ನೋಡಿದ್ದು ಐಸ್‌ಕ್ರೀಮ್ ಡಬ್ಬಿಯ ಮೇಲೆ, ಅವಳು ಒಂದು ಗುಟುಕು ಬಾಯಲ್ಲೇ ಇಟ್ಟುಕೊಂಡು ಆಮೇಲೆ ನುಂಗಿ, ಸಾರ್, ಅಡಿಕೆ ಬೇಯಿಸಿದ ನೀರು ಚೊಗರು ಇರುತ್ತಲ್ಲ, ಅದರ ಥರ ಒಗರು, ಆಮೇಲೆ ನೇರಳೆ ಹಣ್ಣು, ಇದಕ್ಕೆ ಎಣ್ಣೆ ಜಾಸ್ತಿ ಇರೋ ಊಟ ಬೇಕು, ಎಣ್ಣೆಗಾಯಿ ಕೊಡೋಣ, ಖಾರ ಕಮ್ಮಿ ಹಾಕಿ ಅಂದಳು. ಮಾಲೀಕರು ನಕ್ಕರು, ಚೊಗರು ಅಂದ್ರೆ ನಂಗೆ ತಿಳಿಯುತ್ತಲ್ಲಮ್ಮ, ಇವನು ಹೇಳಿದ್ದು ಒಂದೂ ತಿಳೀಲಿಲ್ಲ, ಸಂಜೆ ಡಾಕ್ಟರ ಟೇಬಲ್ ನಿಂದು, ಅವರು ಮೆಚ್ಚಿದರೆ ನೀನೇ ಕ್ಯಾಪ್ಟನ್. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಸಂಜೆಯ ಬಾಟಲಿಯನ್ನು ಬಿಯರ್ ಫ್ರಿಜ್ಜಿನ ತಳಕ್ಕೆ ತಳ್ಳಿದೆ, ತಣ್ಣಗಾದರೆ ಒಗರು ಹೆಚ್ಚುತ್ತದೆ, ಪುಸ್ತಕದಲ್ಲಿ ಓದಿದ್ದರಲ್ಲಿ ಕೆಲಸಕ್ಕೆ ಬಂದದ್ದು ಅದೊಂದೇ. ಸಂಜೆ ಕೌಂಟರಿನಲ್ಲಿ ನಾನೇ ಅದನ್ನು ಗ್ಲಾಸಿಗೆ ಹಾಕಿಕೊಟ್ಟೆ, ಡಾಕ್ಟರು ಕುಡಿದರು, ಮುಖ ಹುಳ್ಳಗೆ ಮಾಡಿದರು, ಇನ್ನೇನು, ಇನ್ನೇನು ಗ್ಲಾಸು ಕೆಳಗಿಡುತ್ತಾರೆ ಅಂತ ನಾನು ಕಾಯುತ್ತಿದ್ದೆ, ಅವಳು ಗ್ಲಾಸಿನ ಹೊಟ್ಟೆ ಮುಟ್ಟಿ ನೋಡಿದಳು, ತಣ್ಣಗಿದೆ ಸಾರ್, ಎರಡೂ ಕೈಲಿ ಹಿಡ್ಕೊಳ್ಳಿ, ಚಳೀಲಿ ಹಾಲಿನ ಲೋಟ ಹಿಡಿಯಲ್ವಾ ಹಂಗೆ, ಅಷ್ಟರಲ್ಲಿ ಎಣ್ಣೆಗಾಯಿ ತರ್ತೀನಿ, ಅವರಿಬ್ಬರೂ ಹೇಳಿದಂತೆ ಹಿಡಿದು ಕೂತರು, ಆಮೇಲೆ ಬದನೆಕಾಯಿ ಒಂದು ತುತ್ತು, ವೈನು ಒಂದು ಗುಟುಕು, ಇನ್ನೊಂದು ತುತ್ತು, ಇನ್ನೊಂದು ಗುಟುಕು, ಇದೆಲ್ಲ ಎಲ್ಲಿ ಕಲಿತೆ ಮಗಳೇ ಅಂದರು ಆ ಹೆಂಗಸು, ಅವಳು ಹೆಬ್ಬೆರಳು ಎತ್ತಿ ತೋರಿಸಿದಳು, ಮೂವರೂ ನಕ್ಕರು. ಖಾಲಿ ತಟ್ಟೆ ಹಿಡಿದು ನನ್ನ ಪಕ್ಕ ನಿಂತಳು, ನನ್ನ ಮುಖ ನೋಡಲಿಲ್ಲ, ಶಿವಕುಮಾರ, ಫ್ರಿಜ್ಜಿಗೆ ಇಟ್ಟೋರು ಯಾರು ಅಂತ ಮಾಲೀಕ್ರು ಕೇಳಿದ್ರು, ನಾನೇ ಮರೆತು ಇಟ್ಟೆ ಅಂದೆ ಮಾರಾಯ, ನಾಳೆ ಬಸ್ಸಲ್ಲಿ ಸೀಟು ಹಿಡೀಲಾ? ನಾನು ಬಾಟಲಿಯ ತಳದಲ್ಲಿ ಉಳಿದದ್ದನ್ನು ಬಾಯಿಗೆ ಸುರಿದುಕೊಂಡೆ, ಅವಳ ಹಾಗೆ ಬಾಯಲ್ಲೇ ಇಟ್ಟುಕೊಂಡೆ, ನೇರಳೆ ಬರುತ್ತದೆಂದು ಕಾದೆ, ಬರಲಿಲ್ಲ, ಒಗರು, ಬರೀ ಒಗರು, ನನ್ನ ಬೆರಳುಗಳೆಲ್ಲ ಬೆಳ್ಳಗಿವೆ, ಅಲ್ಲಿ ಗ್ಲಾಸಿನ ಕಾಲಿನ ಮೇಲೆ ಮತ್ತೆ ಅವಳ ಕಪ್ಪು ಹೆಬ್ಬೆರಳು, ಉಗುರಿನ ಸುತ್ತ ಕರೆ, ಆ ಕರೆ —